ಗಡಿಗೆಯಲ್ಲಿ ಹುದುಗಿದ ಧಾನ್ಯ

ಬಿಯರ್ ಎಂದೊಡನೆ ಕಂದು ಬಣ್ಣದ ಬಾಟಲಿಯೂ ಅದರ ಮೇಲಿನ ಇಂಗ್ಲಿಷ್ ಹೆಸರೂ ಕಣ್ಣ ಮುಂದೆ ಬರುತ್ತವೆ. ಅದು ಪರದೇಶದ ಪಾನೀಯ, ಕಾರ್ಖಾನೆಯ ಸರಕು, ಬ್ರಿಟಿಷ್ ಸೋಲ್ಜರುಗಳ ಹಿಂದೆ ದಂಡುಪ್ರದೇಶಗಳಿಗೆ ಬಂದದ್ದು ಎಂಬ ಭಾವನೆ ಗಟ್ಟಿಯಾಗಿದೆ. ಬಾಟಲಿಯ ಮಟ್ಟಿಗೆ ಇದು ನಿಜವೂ ಹೌದು. ಆದರೆ ಬಾಟಲಿಯನ್ನು ಪಕ್ಕಕ್ಕಿಟ್ಟು ಒಳಗಿನ ಪದಾರ್ಥವನ್ನು ನೋಡಿದರೆ, ಬಿಯರ್ ಎಂಬುದು ಹುದುಗಿಸಿದ ಧಾನ್ಯದ ನೀರು, ಅಷ್ಟೇ. ಧಾನ್ಯವನ್ನು ನೆನೆಸಿ, ಮೊಳಕೆ ಬರಿಸಿ ಅಥವಾ ಬೇಯಿಸಿ, ಗಡಿಗೆಯಲ್ಲಿಟ್ಟು ಕಾಯುವ ಈ ವಿದ್ಯೆ ಕಾರ್ಖಾನೆಗಳಿಗಿಂತ ಸಾವಿರಾರು ವರ್ಷ ಹಳೆಯದು. ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಅದು ಮೊದಲಿಗೆ ಅಡುಗೆಮನೆಯ ಕೆಲಸವಾಗಿತ್ತು, ಹೆಂಗಸರ ಕೆಲಸವಾಗಿತ್ತು. ಹಾಗಿದ್ದಲ್ಲಿ ಧಾನ್ಯಕ್ಕೆ ಕೊರತೆಯಿಲ್ಲದ ಕನ್ನಡ ಸೀಮೆಯಲ್ಲಿ ಈ ವಿದ್ಯೆಯ ಗತಿ ಏನಾಯಿತು ಎಂಬುದು ಕೇಳಬೇಕಾದ ಪ್ರಶ್ನೆ.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ದೇಶನೂರನ್ನೇ ತೆಗೆದುಕೊಳ್ಳಿ. ಸಕ್ಕರೆ ಕಾರ್ಖಾನೆಯ ದೆಸೆಯಿಂದ ಈ ಊರಿನ ಹೆಸರು ಹಲವರಿಗೆ ಗೊತ್ತು. ಅದಕ್ಕಿಂತ ಹಳೆಯ ಗುರುತೊಂದು ಅದಕ್ಕಿದೆ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಅಲ್ಲಲ್ಲಿ ಅಣೆ ಕಟ್ಟಿ ತೆಗೆದ ಕಾಲುವೆಗಳ ಸಾಲಿನಲ್ಲಿ ರಾಯ, ಬಸವಣ್ಣ, ತುರ್ತಾ, ಕಂಪ್ಲಿ, ಸಿರುಗುಪ್ಪ ಕಾಲುವೆಗಳ ಜೊತೆಗೆ ದೇಶನೂರಿನ ಹೆಸರಿನದೂ ಒಂದು. 1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾಗುವುದಕ್ಕೆ ಎಷ್ಟೋ ಶತಮಾನ ಮೊದಲೇ ಈ ಸೀಮೆಯಲ್ಲಿ ಭತ್ತ ಬೆಳೆಯುತ್ತಿತ್ತು. ಕಾಲುವೆಯ ನೀರು ಮುಟ್ಟದ ಎರೆಹೊಲಗಳಲ್ಲಿ ಜೋಳ, ನವಣೆ, ಸಜ್ಜೆ. ಅನ್ನದ ಧಾನ್ಯವೂ ರೊಟ್ಟಿಯ ಧಾನ್ಯವೂ ಒಂದೇ ಊರಿನ ಎರಡು ಮಗ್ಗುಲಿಗೆ ಇರುವ ಇಂಥ ಜಾಗಗಳು ಕಡಿಮೆ.

ಇನ್ನೂ ಹಿಂದಕ್ಕೆ ಹೋಗಬಹುದು. ಇದೇ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಿಂದ ಬೆಟ್ಟಗಳ ಮೇಲೆ ವಾಸವಿದ್ದ ನವಶಿಲಾಯುಗದ ಜನರ ಬದುಕು ಬೆಳಕಿಗೆ ಬಂತು. ಬಳ್ಳಾರಿಯ ಪಕ್ಕದ ಸಂಗನಕಲ್ಲಿನ ಮಣ್ಣನ್ನು ಜಾಲಾಡಿದ ಸಸ್ಯತಜ್ಞರಿಗೆ ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಸುಟ್ಟ ಕಾಳುಗಳು ದೊರೆತವು. ಕೊರಲೆ, ನವಣೆಯ ದಾಯಾದಿ ಎನ್ನಬಹುದಾದ ಒಂದು ಹುಲ್ಲುಕಾಳು, ಹುರುಳಿ, ಹೆಸರು ಹೆಚ್ಚು ಪ್ರಮಾಣದಲ್ಲಿ ಸಿಕ್ಕವು; ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಗೋಧಿ ಮತ್ತು ಜವೆ, ಅಂದರೆ ಬಾರ್ಲಿ. ಚಳಿಗಾಲದ ಬೆಳೆಯಾದ ಬಾರ್ಲಿಯನ್ನು ಬಳ್ಳಾರಿಯಂಥ ಒಣನೆಲದಲ್ಲಿ ಬೆಳೆಯುವುದು ಸುಲಭವಲ್ಲ. ಕಷ್ಟಪಟ್ಟು ಬೆಳೆದರೋ, ದೂರದಿಂದ ತರಿಸಿಕೊಂಡರೋ, ಅಂತೂ ವಿಶೇಷ ಸಂದರ್ಭಕ್ಕೆಂದೇ ತಂದ ಧಾನ್ಯ ಅದಾಗಿತ್ತೆಂದು ಊಹಿಸಲು ಅವಕಾಶವಿದೆ. ಇದನ್ನು ಹಿಡಿದುಕೊಂಡು ಬಳ್ಳಾರಿಯಲ್ಲಿ ನಾಲ್ಕು ಸಾವಿರ ವರ್ಷ ಹಿಂದೆಯೇ ಬಿಯರ್ ಇತ್ತೆಂದು ಸಾರಿಬಿಡುವುದು ಮಾತ್ರ ದುಡುಕು. ಕಾಳು ಸಿಕ್ಕ ಮಾತ್ರಕ್ಕೆ ಗಡಿಗೆ ತುಂಬುವುದಿಲ್ಲ.

ಏಕೆಂದರೆ ಧಾನ್ಯ ತಾನಾಗಿ ಮದ್ಯವಾಗದು. ದ್ರಾಕ್ಷಿ ಹಿಂಡಿಟ್ಟರೆ ಸಾಕು, ಸಿಪ್ಪೆಯ ಮೇಲೆಯೇ ಕುಳಿತಿರುವ ಯೀಸ್ಟ್ ಎಂಬ ಸೂಕ್ಷ್ಮಜೀವಿ ಅದರ ಸಕ್ಕರೆಯನ್ನು ತಿಂದು ಮದ್ಯಸಾರವನ್ನು ಬಿಟ್ಟುಕೊಡುತ್ತದೆ. ಧಾನ್ಯದಲ್ಲಿರುವುದು ಸಕ್ಕರೆಯಲ್ಲ, ಪಿಷ್ಟ. ಪಿಷ್ಟವನ್ನು ಯೀಸ್ಟ್ ತಿನ್ನಲಾರದು. ಮೊದಲು ಪಿಷ್ಟವನ್ನು ಒಡೆದು ಸಕ್ಕರೆ ಮಾಡಬೇಕು. ಹಳೆಯ ಕಾಲದ ಹೆಂಗಸರ ಜಾಣತನವೆಲ್ಲ ಇರುವುದು ಈ ಮೊದಲ ಮೆಟ್ಟಿಲಿನಲ್ಲಿ. ಇದಕ್ಕೆ ಲೋಕದ ಜನ ಮೂರು ದಾರಿ ಕಂಡುಕೊಂಡರು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದವರು ಮೆಕ್ಕೆಜೋಳವನ್ನು ಬಾಯಲ್ಲಿ ಅಗಿದು ಉಗುಳಿ ಎಂಜಲಿನಿಂದಲೇ ಈ ಕೆಲಸ ಮಾಡಿಸಿದರು. ನಮ್ಮ ಎಂಜಲು-ಮುಸುರೆಯ ಲೆಕ್ಕಾಚಾರಕ್ಕೆ ಇದು ಹಿಡಿಸದ ಮಾತು, ಬಿಡಿ. ಎರಡನೆಯದು ಮೊಳಕೆಯ ದಾರಿ. ಮೊಳೆಯುವ ಕಾಳು ತನ್ನ ಸಸಿಗೆ ಉಣಿಸಲೆಂದು ತನ್ನೊಳಗಿನ ಪಿಷ್ಟವನ್ನು ತಾನೇ ಸಕ್ಕರೆಯಾಗಿಸಿಕೊಳ್ಳುತ್ತದೆ. ಆ ಹೊತ್ತಿಗೆ ಸರಿಯಾಗಿ ಅದನ್ನು ಒಣಗಿಸಿ ಹಿಡಿದಿಟ್ಟುಕೊಂಡರೆ ಆಯಿತು. ಯೂರೋಪು, ಆಫ್ರಿಕ, ಹಳೆಯ ಸುಮೇರಿಯ ಎಲ್ಲವೂ ಹಿಡಿದದ್ದು ಈ ಹಾದಿ. ಸುಮೇರಿಯದಲ್ಲಿ ಕ್ರಿಸ್ತಪೂರ್ವ 1800ರ ಸುಮಾರಿಗೆ ಬಿಯರಿನ ದೇವತೆ ನಿನ್ಕಾಸಿಯನ್ನು ಕುರಿತು ಬರೆದ ಸ್ತೋತ್ರದಲ್ಲಿ ಮೊಳಕೆಯ ಧಾನ್ಯಕ್ಕೆ ನೀರು ಬಿಡುವ ವಿವರವೂ ಇದೆ; ದೇವತೆ ಹೆಣ್ಣು ಎಂಬುದನ್ನು ಗಮನಿಸಬೇಕು. ಮೂರನೆಯದು ಬೂಷ್ಟಿನ ದಾರಿ. ಬೇಯಿಸಿದ ಧಾನ್ಯದ ಮೇಲೆ ಬೆಳೆಯುವ ಕೆಲವು ಜಾತಿಯ ಬೂಷ್ಟು ಪಿಷ್ಟವನ್ನು ಕರಗಿಸಿ ಸಿಹಿ ಮಾಡುತ್ತದೆ. ಚೀನ, ಜಪಾನ್, ಅಸ್ಸಾಂ, ನೇಪಾಳಗಳದು ಈ ಕ್ರಮ.

ಉಷ್ಣಮಾಪಕವಿಲ್ಲದ ಕಾಲದಲ್ಲಿ ಯೂರೋಪಿನ ಹಳ್ಳಿಗಳಲ್ಲಿ ಮೊಳಕೆಯ ಹಿಟ್ಟಿಗೆ ಎಷ್ಟು ಬಿಸಿಯ ನೀರು ಹೊಯ್ಯಬೇಕೆಂದು ತಿಳಿಯುತ್ತಿದ್ದುದಾದರೂ ಹೇಗೆ? ಕುದಿವ ನೀರು ಹೊಯ್ದರೆ ಪಿಷ್ಟ ಒಡೆಯುವ ಶಕ್ತಿ ಸತ್ತುಹೋಗುತ್ತದೆ, ಉಗುರುಬೆಚ್ಚಗಿದ್ದರೆ ಕೆಲಸ ಸಾಗದು. ಇಂಗ್ಲೆಂಡಿನವರು ನೀರು ಕುದಿಸಿ ಇಳಿಸಿ, ಹಬೆ ಕಡಿಮೆಯಾಗಿ ನೀರಿನಲ್ಲಿ ತಮ್ಮ ಮುಖ ಕಾಣುವವರೆಗೆ ಕಾದು, ಆಮೇಲೆ ಹಿಟ್ಟು ಹಾಕುತ್ತಿದ್ದರು. ಮರದ ಬಾನಿಯನ್ನು ಒಲೆಗೇರಿಸಲಾಗದ ಕಡೆ ಕಾಸಿದ ಕಲ್ಲುಗಳನ್ನೇ ಅದರೊಳಕ್ಕೆ ಬಿಟ್ಟು ನೀರು ಕಾಯಿಸಿದರು. ಫಿನ್‌ಲೆಂಡಿನಲ್ಲಿ ಇವತ್ತಿಗೂ ಸಾಹ್ತಿ ಎಂಬ ಮನೆ ಬಿಯರನ್ನು ಜೂನಿಪರ್ ಗಿಡದ ರೆಂಬೆಗಳ ಮೇಲೆ ಸೋಸುತ್ತಾರೆ. ನಾರ್ವೆಯ ರೈತರು ಒಂದು ಸಲದ ಬಿಯರಿನ ಗಸಿಯಲ್ಲಿ ಮರದ ಬಳೆಯೊಂದನ್ನು ಅದ್ದಿ, ಒಣಗಿಸಿ, ತೂಗುಹಾಕಿಟ್ಟು, ಮುಂದಿನ ಸಲ ಅದನ್ನೇ ಹೊಸ ಬಾನಿಗೆ ಬಿಡುತ್ತಿದ್ದರು. ಯೀಸ್ಟಿನ ಕೆಲಸ ಏನೆಂಬುದನ್ನು ಫ್ರಾನ್ಸಿನ ಲೂಯಿ ಪಾಶ್ಚರ್ ವಿವರಿಸಿ ಬಿಯರ್ ಕುರಿತ ತಮ್ಮ ಗ್ರಂಥ ಪ್ರಕಟಿಸಿದ್ದು 1876ರಲ್ಲಿ. ಅದಕ್ಕೆ ಮೊದಲೇ ಆ ರೈತರಿಗೆ ಅದನ್ನು ಸಾಕಿ ಉಳಿಸುವ ಬಗೆ ಗೊತ್ತಿತ್ತು. ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು ಹಾಕುವ ಯಾವ ಕನ್ನಡ ಗೃಹಿಣಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾರತದ ಹಳೆಯ ಗ್ರಂಥಗಳಲ್ಲಿ ಈ ಹೆಪ್ಪಿಗೆ ಒಂದು ಹೆಸರಿದೆ: ಕಿಣ್ವ. ಈಗ ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಮಕ್ಕಳು ಓದುವ, ಜಠರದಲ್ಲಿ ಅನ್ನವನ್ನು ಪಚನ ಮಾಡಿಸುವ ಕಿಣ್ವ ಇದೇ ಮಾತು. ಹುದುಗುವಿಕೆಗೆ ಕಿಣ್ವನ ಎಂಬ ಪರ್ಯಾಯವೂ ಬಂದದ್ದು ಇದರಿಂದಲೇ. ಪಾರಿಭಾಷಿಕ ಪದ ಹುಡುಕಿದವರು ಎಲ್ಲಿಂದಲೋ ಸಪ್ಪೆ ಅನುವಾದ ಮಾಡದೆ ಸುರೆಯ ಗಡಿಗೆಯಿಂದಲೇ ಪದ ಎತ್ತಿಕೊಂಡದ್ದು ಅತ್ಯಂತ ಸೂಕ್ತವಾಗಿದೆ. ಮೂಲದಲ್ಲಿ ಕಿಣ್ವ ಎಂದರೆ ಮದ್ಯ ಹುದುಗಿಸಲು ಸೇರಿಸುತ್ತಿದ್ದ ಮುದ್ದೆ. ಆತ್ಮ ಬೇರೆ ಇಲ್ಲ, ಭೂತಗಳು ಕೂಡಿದಾಗ ಚೈತನ್ಯ ಹುಟ್ಟುತ್ತದೆ ಎಂದು ವಾದಿಸಿದ ಚಾರ್ವಾಕರು ಕೊಟ್ಟ ಪ್ರಸಿದ್ಧ ಉದಾಹರಣೆಯೂ ಇದೇ ಆಗಿತ್ತು: ಬಿಡಿಯಾಗಿ ಅಮಲೇರಿಸದ ಪದಾರ್ಥಗಳು ಕಿಣ್ವದ ರೂಪದಲ್ಲಿ ಕೂಡಿದಾಗ ಅಮಲಿನ ಶಕ್ತಿ ಬರುವುದಿಲ್ಲವೆ ಎಂದು. ಮನೆಮನೆಯಲ್ಲಿ ಗೊತ್ತಿದ್ದ ಸಂಗತಿಯಾಗಿರದಿದ್ದರೆ ಅದು ವಾದದಲ್ಲಿ ಉದಾಹರಣೆಯಾಗಿ ನಿಲ್ಲುತ್ತಿರಲಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರ ಇದರ ಪಾಕವನ್ನೇ ಕೊಡುತ್ತದೆ. ಕಿಣ್ವಕ್ಕೆ ಬೇಕಾದುದು ಉದ್ದಿನ ಹಿಟ್ಟು, ಹಸಿಯೋ ಬೆಂದದ್ದೋ. ಅದರ ಜೊತೆಗೆ ಅಕ್ಕಿ, ಒಂದಿಷ್ಟು ಗಿಡಮೂಲಿಕೆ. ಉದ್ದು ಮತ್ತು ಅಕ್ಕಿ ಎಂದಾಕ್ಷಣ ಬೆಳಗಿನ ಇಡ್ಲಿ ನೆನಪಾದರೆ ತಪ್ಪಿಲ್ಲ. ಇಡ್ಲಿಯದು ಬೇರೆಯೇ ಕಥೆ. ಸುಮಾರು 920ರ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ, 1025ರ ಸುಮಾರಿನ ಲೋಕೋಪಕಾರದಲ್ಲಿ ಅದನ್ನು ಮಾಡುವ ವಿಧಾನವಿದೆ, ಅಲ್ಲಿ ಇರುವುದು ಉದ್ದಷ್ಟೇ. ಎರಡಕ್ಕೂ ವಂಶಾವಳಿ ಕಟ್ಟಲು ಹೋಗಬೇಕಾಗಿಲ್ಲ. ರುಬ್ಬಿದ ಉದ್ದು ಬೆಚ್ಚಗಿನ ಜಾಗದಲ್ಲಿ ಉಬ್ಬುತ್ತದೆ ಎಂಬ ಅರಿವು ಮಾತ್ರ ಎರಡಕ್ಕೂ ಸಮಾನ. ಮೇದಕ ಎಂಬ ಅಕ್ಕಿಮದ್ಯಕ್ಕೆ ಕೌಟಿಲ್ಯ ಹೇಳುವ ಅಳತೆಯನ್ನು ಒಂದೇ ಮಾನಕ್ಕೆ ಇಳಿಸಿದರೆ 16 ಸೇರು ನೀರಿಗೆ 2 ಸೇರು ಅಕ್ಕಿ, 3 ಸೇರು ಕಿಣ್ವ ಆಗುತ್ತದೆ. ಅಕ್ಕಿಗಿಂತ ಕಿಣ್ವವೇ ಹೆಚ್ಚು! ಎಂದರೆ ಕಿಣ್ವ ಬರಿಯ ಹೆಪ್ಪಾಗಿರಲಿಲ್ಲ, ಧಾನ್ಯದ ಒಂದು ಪಾಲೂ ಅದೇ ಆಗಿತ್ತು. ಅಷ್ಟು ನೀರು ಬೆರೆತ ಮೇಲೆ ಅದು ತೆಳುವಾದ ಪೇಯವೇ ಆಗಿದ್ದಿರಬೇಕು.

ಅದೇ ಅಧ್ಯಾಯದಲ್ಲಿ ಇನ್ನೂ ಕುತೂಹಲದ ಎರಡು ಮಾತುಗಳಿವೆ. ಸುರೆ ಮತ್ತು ಕಿಣ್ವಕ್ಕೆ ಬೇಕಾದುದನ್ನು ಹುಡುಕಿ ಅಣಿಗೊಳಿಸುವ ಕೆಲಸ ಹೆಂಗಸರದು ಮತ್ತು ಮಕ್ಕಳದು ಎಂಬುದು ಒಂದು. ಮದ್ಯದ ವ್ಯಾಪಾರವನ್ನೆಲ್ಲ ಸುರಾಧ್ಯಕ್ಷನೆಂಬ ಅಧಿಕಾರಿಯ ಕೈಗೆ ಕೊಟ್ಟ ಮೇಲೂ, ಸಂಸಾರಸ್ಥರು ಮನೆಯ ಶುಭಕಾರ್ಯಗಳಿಗೆ ಬಿಳಿ ಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದೆಂಬುದು ಇನ್ನೊಂದು. ಉತ್ಸವ, ಜಾತ್ರೆಗಳಿಗೆ 4 ದಿನಗಳ ವಿಶೇಷ ಪರವಾನಗಿಯೂ ಇತ್ತು. ಬೊಕ್ಕಸದ ಕಾಸುಕಾಸನ್ನೂ ಎಣಿಸುವ ಕೌಟಿಲ್ಯನಂಥವನೂ ಮನೆಯ ಗಡಿಗೆಗೆ ಒಂದಿಷ್ಟು ಜಾಗ ಬಿಟ್ಟಿದ್ದ.

ಹಾಗಾದರೆ ದೇಶನೂರಿನಂಥ ಊರಿನ ಅಡುಗೆಮನೆಯಲ್ಲಿ ಏನಿದೆ? ಅಲ್ಲಿ ಅಂಬಲಿ ಇದೆ. ಜೋಳದ ಹಿಟ್ಟನ್ನೋ ನುಚ್ಚನ್ನೋ ಬೇಯಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮಜ್ಜಿಗೆ ಉಪ್ಪು ಬೆರೆಸಿದರೆ ಹುಳಿಹುಳಿಯಾದ ಅಂಬಲಿ. ಇದೂ ಹುದುಗಿದ್ದೇ. ಆದರೆ ಮೊಳಕೆಯೂ ಬೂಷ್ಟೂ ಸೇರದಿರುವುದರಿಂದ ಇದರಲ್ಲಿ ಪಿಷ್ಟ ಸಕ್ಕರೆಯಾಗುವುದು ಅತ್ಯಲ್ಪ. ಆ ಅಲ್ಪವನ್ನೂ ಮೊಸರಿನ ಜಾತಿಯ ಬ್ಯಾಕ್ಟೀರಿಯಾಗಳು ಮೊದಲೇ ಮುಗಿಸಿ ಹುಳಿ ಮಾಡುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯ ಸೆಕೆಯೂ ಹುಳಿಯ ಪಕ್ಷಪಾತಿ. ಅಂಬಲಿ ಎಂಬುದು ಬಿಯರಿನ ಹಾದಿಯ ಮೊದಲ ಕವಲಿನಲ್ಲಿ ಬೇರೆ ಕಡೆ ತಿರುಗಿದ ಪೇಯ.

ಜೋಳದ ವಿಷಯದಲ್ಲಿ ಮತ್ತೊಂದು ತೊಡಕಿದೆ. ಜೋಳ ಮತ್ತು ರಾಗಿ ಎರಡೂ ಆಫ್ರಿಕದಿಂದ ಸಮುದ್ರ ದಾಟಿ ಬಂದ ಧಾನ್ಯಗಳು. ತವರಿನಲ್ಲಿ ಜೋಳದ ಮೊಳಕೆಯಿಂದ ಬಿಯರ್ ಮಾಡುವುದು ಇಂದಿಗೂ ಮನೆವಾರ್ತೆಯ ಭಾಗ. ದಕ್ಷಿಣ ಆಫ್ರಿಕದ ಉಮ್ಕೊಂಬೊಥಿ ಎಂಬ ಹುಳಿಮಿಶ್ರಿತ ಗಟ್ಟಿ ಪೇಯಕ್ಕೆ ಜೋಳದ ಮೊಳಕೆಯ ಹಿಟ್ಟು ಬೇಕೇಬೇಕು. ಆದರೆ ಜೋಳದ ಎಳೆ ಕುಡಿಯಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತುವಿದೆ. ಎಳೆಯ ಜೋಳದ ಪೈರಿಗೆ ಬಾಯಿ ಹಾಕಿದ ದನ ಹೊಟ್ಟೆಯುಬ್ಬರಿಸಿ ಬೀಳುವುದನ್ನು ಎರೆನಾಡಿನ ರೈತರು ಬಲ್ಲರು. ಆಫ್ರಿಕದ ಹೆಂಗಸರು ಮೊಳಕೆಯನ್ನು ಒಣಗಿಸಿ, ಕುಡಿ ಬೇರುಗಳನ್ನು ಉಜ್ಜಿ ತೆಗೆದು, ಬೇಯಿಸಿ ಈ ಅಪಾಯವನ್ನು ಕಳೆಯುತ್ತಾರೆ. ಬಂದದ್ದು ಧಾನ್ಯ, ಅದರ ಜೊತೆಯ ಈ ಕೈಚಳಕ ಎರೆನಾಡಿನಲ್ಲಿ ನೆಲೆಯೂರಲಿಲ್ಲ. ರಾಗಿಯ ಕಥೆ ಬೇರೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿ ಕೂಸುಗಳಿಗೆ ಸರಿ ಮಾಡುವುದು ದಕ್ಷಿಣ ಕರ್ನಾಟಕದ ಎಲ್ಲ ಮನೆಗಳಿಗೂ ಗೊತ್ತು. ಸಿರಿಧಾನ್ಯಗಳ ಪೈಕಿ ಮೊಳಕೆಯಲ್ಲಿ ಪಿಷ್ಟ ಒಡೆಯುವ ಶಕ್ತಿ ಚೆನ್ನಾಗಿರುವುದು ರಾಗಿಗೇ ಎಂಬುದನ್ನು ಮೈಸೂರಿನ ಆಹಾರ ಸಂಶೋಧನಾಲಯ ಪ್ರಯೋಗಗಳಿಂದ ತೋರಿಸಿದೆ. ಮೊಳಕೆಯ ಹಿಟ್ಟು ಬೆರೆಸಿದ ಗಂಜಿ ಗಟ್ಟಿಯಾಗದೆ ನೀರಾಗುತ್ತದೆ, ಹಾಗಾಗಿ ಕೂಸು ಸಲೀಸಾಗಿ ಹೆಚ್ಚು ಉಣ್ಣುತ್ತದೆ. ಬಿಯರ್ ಕಾಯಿಸುವವನು ಮಾಡುವ ಮೊದಲ ಕೆಲಸವೂ ಚಾಚೂ ತಪ್ಪದೆ ಇದೇ. ಅವನು ಮುಂದುವರಿಯುತ್ತಾನೆ, ತಾಯಿ ಅಲ್ಲಿಗೇ ನಿಲ್ಲಿಸುತ್ತಾಳೆ.

ಕನ್ನಡ ಸೀಮೆ ಮದ್ಯವನ್ನೇ ಅರಿಯದ ನಾಡೇನಲ್ಲ. 941ರಲ್ಲಿ ಪಂಪ ತನ್ನ ವಿಕ್ರಮಾರ್ಜುನ ವಿಜಯದಲ್ಲಿ ಪಾನಗೋಷ್ಠಿಯನ್ನು ಸವಿಸ್ತಾರವಾಗಿ ಬಣ್ಣಿಸಿದ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೆಯ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಮದಿರಾಪಾನವನ್ನು ಅರಸರ ಕ್ರೀಡೆಗಳಲ್ಲಿ ಸೇರಿಸಿದ. ಅದೇ ಕಲ್ಯಾಣದಲ್ಲಿ ಬಸವಣ್ಣನವರ ಕಾಲಕ್ಕೆ ಹೆಂಡದ ಮಾರಯ್ಯ ಎಂಬ ಶರಣರಿದ್ದರು, ಅವರ ವಚನಗಳು ಉಳಿದಿವೆ. ಆದರೆ ಜನಸಾಮಾನ್ಯರ ಪೇಯದ ಮಾತು ಬಂದಾಗ ಧಾನ್ಯವನ್ನು ಸೋಲಿಸಿದ್ದು ಮರ. ಬಳ್ಳಾರಿ ಸೀಮೆಯ ಹಳ್ಳಕೊಳ್ಳಗಳಲ್ಲಿ ಯಾರೂ ನೆಡದೆ, ನೀರು ಹಾಕದೆ ಬೆಳೆಯುವ ಈಚಲು ಇದೆ. ಅದರ ರಸದಲ್ಲಿ ಸಕ್ಕರೆ ಸಿದ್ಧವಾಗಿಯೇ ಇರುತ್ತದೆ; ಸಂಜೆ ಕಟ್ಟಿದ ಗಡಿಗೆಯಲ್ಲಿ ಬೆಳಗಾಗುವುದರೊಳಗೆ ನೊರೆ. ಮೊಳಕೆ ಬೇಡ, ಕಿಣ್ವ ಬೇಡ, ಸೌದೆ ಬೇಡ. ಬರಗಾಲ ಬೆನ್ನು ಬಿಡದ ನಾಡಿನಲ್ಲಿ ಹೊಟ್ಟೆಗಾಗುವ ಜೋಳವನ್ನು ಗಡಿಗೆಗೆ ಸುರಿಯುವುದಕ್ಕಿಂತ ಈಚಲ ಕಳ್ಳೇ ಅಗ್ಗವೆಂದು ಜನ ಲೆಕ್ಕ ಹಾಕಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಅನ್ನದ ಮದ್ಯ ಮಾತ್ರ ಗಡಿಯಾಚೆಯೇ ಇತ್ತು. ಸಿರುಗುಪ್ಪಕ್ಕೆ ತಗುಲಿಕೊಂಡಿರುವ ಆದೋನಿ 1953ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ತೆಲುಗು ಸೀಮೆಯಲ್ಲಿ ಅನ್ನವನ್ನು ಬೂಷ್ಟಿನಿಂದ ಹುದುಗಿಸಿ ಮಾಡುವ ಪೇಯಕ್ಕೆ ಸೊಂಟಿ ಎಂಬ ಹೆಸರಿತ್ತು. ಅದರಿಂದ ಬೇರ್ಪಡಿಸಿದ ಬೂಷ್ಟನ್ನು 1937ರಲ್ಲಿ ವಿವರಿಸಿದ ವಿಜ್ಞಾನಿಗಳು ಅದಕ್ಕೆ ರೈಜೋಪಸ್ ಸೊಂಟಿ ಎಂದೇ ನಾಮಕರಣ ಮಾಡಿದರು. ಹಳ್ಳಿಯ ಗಡಿಗೆಯೊಂದು ಲ್ಯಾಟಿನ್ ಹೆಸರು ಪಡೆದ ಅದೇ ವರ್ಷ ರಾಜಾಜಿಯವರ ಸರ್ಕಾರ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧವನ್ನು ಜಾರಿಗೆ ತಂದಿತು ಎಂಬುದು ಕಾಕತಾಳೀಯ.

ಗಡಿಗೆಯ ಮೇಲೆ ಕಾನೂನಿನ ಕಣ್ಣು ಬಿದ್ದದ್ದು ಅದಕ್ಕೂ ಹಿಂದೆ. 1800ರಲ್ಲಿ ನಿಜಾಮರು ಬಿಟ್ಟುಕೊಟ್ಟ ಮೇಲೆ ಬಳ್ಳಾರಿ ಕಂಪನಿ ಸರ್ಕಾರಕ್ಕೆ ಸೇರಿತು, ಮದ್ರಾಸ್ ಪ್ರಾಂತ್ಯದ ಭಾಗವಾಯಿತು. ಕಳ್ಳು ಸಾರಾಯಿಗಳ ಹಕ್ಕನ್ನು ಹರಾಜು ಹಾಕಿ ಗುತ್ತಿಗೆಗೆ ಕೊಡುವ ಪದ್ಧತಿ ಬೆಳೆಯಿತು. 1886ರ ಮದ್ರಾಸ್ ಅಬಕಾರಿ ಕಾಯ್ದೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದನ್ನು ಶಿಕ್ಷಾರ್ಹ ಅಪರಾಧವಾಗಿಸಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಈಚಲ ಮರವನ್ನು ಎಣಿಸಬಹುದು, ಅದರ ಮೇಲೆ ಗುರುತು ಹಾಕಿ ತೆರಿಗೆ ವಸೂಲು ಮಾಡಬಹುದು. ಭಟ್ಟಿಯ ಬಾಗಿಲಿಗೆ ಪೇದೆಯನ್ನು ನಿಲ್ಲಿಸಬಹುದು. ಅಡುಗೆಮನೆಯ ಮೂಲೆಯ ಗಡಿಗೆಯನ್ನು ಎಣಿಸುವುದು ಹೇಗೆ? ತೆರಿಗೆ ಹಾಕಲು ಬಾರದ್ದನ್ನು ನಿಷೇಧಿಸುವುದೇ ಸರ್ಕಾರಗಳಿಗೆ ಸುಲಭ. ಮನೆಯಲ್ಲಿ ಮಾಡಿದ ಒಂದು ಚೊಂಬು ಅಕ್ಕಿಮದ್ಯ ಗುತ್ತಿಗೆದಾರನಿಗೆ ಒಂದು ಚೊಂಬು ನಷ್ಟ ಎಂಬುದಷ್ಟೇ ಲೆಕ್ಕಕ್ಕೆ ಬಂತು. 1948ರ ಅಕ್ಟೋಬರ್ 2ರ ಹೊತ್ತಿಗೆ ಪಾನನಿಷೇಧ ಇಡೀ ಪ್ರಾಂತ್ಯಕ್ಕೆ ವಿಸ್ತರಿಸಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಈಗ ನಡೆಯುತ್ತಿರುವ 1965ರ ಕರ್ನಾಟಕ ಅಬಕಾರಿ ಕಾಯ್ದೆಯೂ ಪರವಾನಗಿಯಿಲ್ಲದ ತಯಾರಿಕೆಯನ್ನು ಒಪ್ಪುವುದಿಲ್ಲ. ಬೆಂಗಳೂರಿನ ಹೋಟೆಲುಗಳಲ್ಲಿ ಗಾಜಿನ ಗೋಡೆಯ ಹಿಂದೆ ತಾಮ್ರದ ಕೊಪ್ಪರಿಗೆ ಇಟ್ಟು ಬಿಯರ್ ಕಾಯಿಸಲು ಪರವಾನಗಿ ಸಿಗುತ್ತದೆ. ಮನೆಯ ಮಣ್ಣಿನ ಗಡಿಗೆಗೆ ಅದು ಇಲ್ಲ. ಔಷಧದ ಅಂಗಡಿಯಲ್ಲಿ ಸಿಗುವ ದ್ರಾಕ್ಷಾರಿಷ್ಟ, ದಶಮೂಲಾರಿಷ್ಟಗಳಲ್ಲಿ ಹುದುಗಿನಿಂದಲೇ ಹುಟ್ಟಿದ ಮದ್ಯಸಾರ ನೂರಕ್ಕೆ 5ರಿಂದ 10ರಷ್ಟು ಇರುತ್ತದೆ. ಕೌಟಿಲ್ಯ ಕೊಟ್ಟ ರಿಯಾಯಿತಿಗಳಲ್ಲಿ ಉಳಿದುಕೊಂಡದ್ದು ಈ ಅರಿಷ್ಟ ಮಾತ್ರ, ಅದೂ ಮನೆ ಬಿಟ್ಟು ಕಾರ್ಖಾನೆ ಸೇರಿ.

ಇಷ್ಟು ಹೇಳಿದ ಮೇಲೆ ಎಲ್ಲ ತಪ್ಪನ್ನೂ ಕಾನೂನಿನ ತಲೆಗೆ ಕಟ್ಟಿ, ಹಳೆಯದೆಲ್ಲ ಚೆನ್ನವೆಂದು ಹಾಡುವುದು ಅನ್ಯಾಯವಾಗುತ್ತದೆ. ಮದ್ಯ ಬೇಡವೆಂದು ಬೀದಿಗೆ ಬಂದವರಲ್ಲಿ ಹೆಂಗಸರೇ ಮೊದಲಿಗರು. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಿಂದ ಎದ್ದ ಸಾರಾಯಿ ವಿರೋಧಿ ಹೋರಾಟ ಮರುವರ್ಷ ಆ ರಾಜ್ಯದಲ್ಲಿ ಸಾರಾಯಿಯನ್ನು ನಿಲ್ಲಿಸಿತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. 2019ರ ಜನವರಿಯಲ್ಲಿ ಪೂರ್ಣ ಪಾನನಿಷೇಧ ಕೇಳುತ್ತ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಸಿರುಗುಪ್ಪದ ಎದುರುದಡದ ರಾಯಚೂರು ಜಿಲ್ಲೆಯವರೂ ಅವರಲ್ಲಿದ್ದರು. ಇವರು ಹೋರಾಡಿದ್ದು ಕಾಕಂಬಿಯಿಂದ ಇಳಿಸಿ ಪ್ಯಾಕೆಟ್ಟಿನಲ್ಲಿ ಮಾರುತ್ತಿದ್ದ, ಗಂಡಸಿನ ಕೂಲಿಯನ್ನೆಲ್ಲ ನುಂಗುತ್ತಿದ್ದ ಸರಕಿನ ವಿರುದ್ಧ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಳ್ಳಭಟ್ಟಿಯಲ್ಲಿ ಇದ್ದದ್ದು ಮೆಥನಾಲ್ ಎಂಬ ಕೈಗಾರಿಕೆಯ ವಿಷ. ಧಾನ್ಯ ಹುದುಗಿಸಿದ ಗಡಿಗೆಯಿಂದ ಅಂಥ ಸಾವು ಬರುವುದಿಲ್ಲ. ಆದರೆ ಹೊಡೆತ ತಿಂದ ಹೆಂಗಸಿನ ಮುಂದೆ ಈ ವ್ಯತ್ಯಾಸವನ್ನು ವಿವರಿಸುತ್ತ ನಿಲ್ಲಲು ಯಾರಿಗೂ ಮುಖವಿರದು. ಗಡಿಗೆ ಹೆಂಗಸಿನ ಕೈಯಲ್ಲಿದ್ದಾಗ ಎಷ್ಟು, ಯಾವಾಗ, ಯಾರಿಗೆ ಎಂಬುದನ್ನು ಅಳೆಯುವವಳು ಅವಳೇ. ಅಂಗಡಿ ಬಂದ ಮೇಲೆ ಆ ಅಳತೆ ಅವಳ ಕೈತಪ್ಪಿತು. ಸಾರಾಯಿ ನಿಂತ ಮೇಲೆ ಕುಡಿಯುವವರು ಅಗ್ಗದ ವಿಸ್ಕಿ ಬ್ರಾಂದಿಗಳಿಗೆ ತಿರುಗಿಕೊಂಡರು, ಅಬಕಾರಿಯ ವರಮಾನ ಮಾತ್ರ ಏರುತ್ತಲೇ ಹೋಯಿತು.

ಗಡಿಗೆ ಹೆಂಗಸರ ಕೈಯಲ್ಲಿಯೇ ಉಳಿದ ಕಡೆಗಳು ದೇಶದಲ್ಲಿ ಇನ್ನೂ ಇವೆ. ಜಾರ್ಖಂಡಿನಲ್ಲಿ ಅನ್ನವನ್ನು ಚಾಪೆಯ ಮೇಲೆ ಹರವಿ ಆರಿಸಿ, ಬೇರುನಾರು ಅರೆದು ಅಕ್ಕಿಹಿಟ್ಟಿನಲ್ಲಿ ಕಟ್ಟಿದ ರಾನು ಎಂಬ ಬಿಳಿ ಉಂಡೆಯನ್ನು ಪುಡಿಮಾಡಿ ಬೆರೆಸಿ, ಮೂರು ನಾಲ್ಕು ದಿನ ಮಣ್ಣಿನ ಮಡಕೆಯಲ್ಲಿಟ್ಟು ಹಂಡಿಯಾ ಮಾಡುತ್ತಾರೆ. ಕಿಣ್ವದ ಹತ್ತಿರದ ನೆಂಟನೆಂದರೆ ಈ ಉಂಡೆಯೇ. ಅಸ್ಸಾಮಿನಲ್ಲಿ ಬುಡಕಟ್ಟಿನವರು ಮನೆಬಳಕೆಗೆ ಮಾಡಿಕೊಳ್ಳುವ ಅಕ್ಕಿಮದ್ಯಕ್ಕೆ ಅಬಕಾರಿ ಕಾನೂನಿನಲ್ಲಿಯೇ ವಿನಾಯಿತಿ ಇದೆ. ಅಲ್ಲಿನ ದಿಮಾಸ ಜನರ ಜುದಿಮಾ ಎಂಬ ಅಕ್ಕಿಮದ್ಯಕ್ಕೆ 2021ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ಮೈಸೂರು ಮಲ್ಲಿಗೆಗೆ ಸಿಕ್ಕ ಹಾಗೆ. ಸಿಕ್ಕಿಂ, ನೇಪಾಳಗಳಲ್ಲಿಯಂತೂ ಧಾನ್ಯ ಬೇರೆಯದಲ್ಲ, ನಮ್ಮ ರಾಗಿಯೇ. ಇಡಿಯ ರಾಗಿಯನ್ನು ಬೇಯಿಸಿ, ಆರಿಸಿ, ಮುರ್ಚಾ ಎಂಬ ಉಂಡೆಯ ಪುಡಿ ಉದುರಿಸಿ, ಒಂದೆರಡು ದಿನ ಬೆಚ್ಚಗೆ ಮುಚ್ಚಿಟ್ಟು, ಸಿಹಿ ವಾಸನೆ ಬಂದ ಮೇಲೆ ಗಡಿಗೆಗೆ ತುಂಬಿ ಬಾಯಿ ಕಟ್ಟುತ್ತಾರೆ. ಕೆಲವು ದಿನ ಕಳೆದ ಮೇಲೆ ಆ ರಾಗಿಯನ್ನು ಬಿದಿರಿನ ಅಂಡೆಗೆ ಹಾಕಿ, ಮೇಲೆ ಬಿಸಿನೀರು ಹೊಯ್ದು, ತುಸು ಬಿಟ್ಟು, ತುದಿಯಲ್ಲಿ ಸಣ್ಣ ತೂತುಗಳಿರುವ ಬಿದಿರಿನ ಕೊಳವೆಯಿಂದ ಹೀರುತ್ತಾರೆ. ನೀರು ಮುಗಿದರೆ ಮತ್ತೆ ಹೊಯ್ಯುವುದು. ಹೀಗೆ ಎರಡು ಮೂರು ಸಲ. ರುಚಿ ತೀರ ತೆಳುವಾದ ಮೇಲೆ ಅಂಡೆಯಲ್ಲಿ ಉಳಿದ ರಾಗಿ ಹಟ್ಟಿಯ ಹಂದಿಗಳಿಗೆ ಹೋಗುತ್ತದೆ.